ರಕ್ತದೊತ್ತಡ ಸೊನ್ನೆ ಇರುವ 35 ಮಹಿಳೆಯರು: ಒಂದು ಕಾಲಮ್ ನೋಡಿ ಹಲವು ಕಾಲಮ್‌ಗಳನ್ನು ಬದಲಿಸುವಾಗ ಏನಾಗುತ್ತದೆ?

ಮಧುಮೇಹ ಬರುವುದನ್ನು ಕಂಪ್ಯೂಟರ್ ಮೊದಲೇ ಹೇಳುತ್ತದೆ, ಅದೂ ಶೇ. 90ಕ್ಕಿಂತ ಹೆಚ್ಚು ನಿಖರವಾಗಿ ಹೇಳುತ್ತದೆ ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಕಾಲೇಜಿನ ಪ್ರಾಜೆಕ್ಟ್ ವರದಿಗಳಲ್ಲಿ, ಯೂಟ್ಯೂಬ್ ಪಾಠಗಳಲ್ಲಿ ಈ ಬಗೆಯ ಅಂಕಿಗಳು ಸಾಮಾನ್ಯ. ಇವುಗಳಲ್ಲಿ ಹಲವಕ್ಕೆ ಆಧಾರ ಒಂದೇ ಒಂದು ಪುಟ್ಟ ಪಟ್ಟಿ. ಅದರಲ್ಲಿ 768 ಮಹಿಳೆಯರ ವಿವರಗಳಿವೆ. ಆ ಪಟ್ಟಿಯ ಪ್ರಕಾರ ಅವರಲ್ಲಿ 35 ಜನರ ರಕ್ತದೊತ್ತಡ ಸೊನ್ನೆ, 11 ಜನರ ದೇಹತೂಕ ಸೂಚ್ಯಂಕ (ಬಿಎಂಐ) ಸೊನ್ನೆ, 374 ಜನರ ಇನ್ಸುಲಿನ್ ಸೊನ್ನೆ!

ಬಿಎಂಐ ಸೊನ್ನೆ ಎಂದರೆ ತೂಕವೇ ಇಲ್ಲದ ದೇಹ. ಅಂಥವರು ಯಾರೂ ಇರಲಾರರು. ಅಂದರೆ ಈ ಸೊನ್ನೆಗಳು ಅಳತೆಗಳಲ್ಲ, ‘ಅಳತೆ ಇಲ್ಲ’ ಎಂಬುದಕ್ಕೆ ಹಾಕಿದ ಗುರುತುಗಳು. ಲೆಕ್ಕ ಶುರು ಮಾಡುವ ಮೊದಲು ಇವನ್ನು ಸರಿಪಡಿಸಬೇಕು. ಒಂದಲ್ಲ, ಐದು ಕಾಲಮ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಎಷ್ಟೋ ಸಲ ಆ ಬದಲಾವಣೆಯನ್ನು ಇನ್ನೊಂದು ಕಾಲಮ್‌ನಲ್ಲಿ ಏನಿದೆ ಎಂದು ನೋಡಿಯೇ ಮಾಡಬೇಕಾಗುತ್ತದೆ. ಅಂಕಿಅಂಶದ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದು ಒಂದೇ ಸಾಲಿನ ಕೆಲಸ. ಆದರೆ ಆ ‘ಇನ್ನೊಂದು ಕಾಲಮ್’ ಯಾವುದು ಎಂಬುದರ ಮೇಲೆ ಉತ್ತರ ನಿಜವೋ ಸುಳ್ಳೋ ಎಂಬುದು ನಿಂತಿದೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಯಾರ ಪಟ್ಟಿ ಇದು?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ದಕ್ಷಿಣಕ್ಕೆ, ಹೀಲಾ ನದಿಯ ಬದಿಯಲ್ಲಿ ಪೀಮಾ ಜನರ ವಾಸ. ಅವರು ತಮ್ಮನ್ನು ಕರೆದುಕೊಳ್ಳುವುದು ‘ಅಕಿಮೆಲ್ ಓಓದಮ್’ ಎಂದು. ನದಿಯ ಜನ ಎಂದು ಅದರ ಅರ್ಥ. ನೀರಾವರಿ ಬೇಸಾಯ ಅವರ ಬದುಕಾಗಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಮೇಲಿನ ಹರಿವಿನಲ್ಲಿ ನೆಲೆಸಿದ ವಲಸಿಗರು ನದಿಯ ನೀರನ್ನು ತಿರುಗಿಸಿಕೊಂಡರು. ಬೇಸಾಯ ಬಿದ್ದುಹೋಯಿತು, ಊಟ ಬದಲಾಯಿತು. 20ನೇ ಶತಮಾನದಲ್ಲಿ ಈ ಸಮುದಾಯದಲ್ಲಿ ಟೈಪ್ 2 ಮಧುಮೇಹ ಬಹಳ ಹೆಚ್ಚಾಗಿ ಕಂಡುಬಂತು. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಅವರನ್ನು ದೀರ್ಘಕಾಲ ಅಧ್ಯಯನ ಮಾಡಿದರು.

ಆ ದೊಡ್ಡ ಅಧ್ಯಯನದಿಂದ ಆಯ್ದು ತೆಗೆದ ತುಣುಕೇ ಈ 768 ಸಾಲುಗಳು. ಎಲ್ಲರೂ ಮಹಿಳೆಯರು, 21 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟವರು. 1988ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ‘ಅಡಾಪ್’ ಎಂಬ ಕಲಿಯುವ ಯಂತ್ರವಿಧಾನ ಮಧುಮೇಹವನ್ನು ಮುಂಚಿತವಾಗಿ ಹೇಳಬಲ್ಲದೇ ಎಂದು ಇದರ ಮೇಲೆ ಪರೀಕ್ಷಿಸಿದ್ದರು. 576 ಸಾಲುಗಳಿಂದ ಕಲಿಸಿ, ಉಳಿದ 192ರ ಮೇಲೆ ಪರೀಕ್ಷೆ. ಸಿಕ್ಕ ಫಲ ಶೇ. 76ರಷ್ಟು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಳಿಕ ಈ ಪಟ್ಟಿ ಎಲ್ಲರಿಗೂ ಮುಕ್ತವಾಗಿ ಸಿಗುವಂತಾಯಿತು. ಇಂದು ಯಂತ್ರಕಲಿಕೆ ಕಲಿಯಲು ಕೂತ ವಿದ್ಯಾರ್ಥಿ, ಅವರು ಬೋಸ್ಟನ್‌ನಲ್ಲಿರಲಿ ಬೆಳಗಾವಿಯಲ್ಲಿರಲಿ, ಮೊದಮೊದಲು ತೆರೆಯುವ ಕಡತಗಳಲ್ಲಿ ಇದೂ ಒಂದು. ಯೇಲ್ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಜೊವಾನಾ ರಾಡಿನ್ 2017ರಲ್ಲಿ ಈ ಪಟ್ಟಿಯ ಹಿಂದಿನ ಕಥೆಯನ್ನೇ ಒಂದು ಪ್ರಬಂಧವಾಗಿ ಬರೆದರು. ಮಧುಮೇಹಕ್ಕೆ ಸಂಬಂಧವೇ ಇಲ್ಲದ ಕೆಲಸಗಳಿಗೂ ಈ ಜನರ ದೇಹದ ಅಳತೆಗಳು ಸಾಣೆಕಲ್ಲಿನಂತೆ ಬಳಕೆಯಾಗುತ್ತಿವೆ ಎಂಬುದನ್ನು ಅವರು ಅದರಲ್ಲಿ ತೋರಿಸಿದ್ದಾರೆ.

ಪಟ್ಟಿಯಲ್ಲಿ ಒಂಬತ್ತು ಕಾಲಮ್‌ಗಳಿವೆ. ಎಷ್ಟು ಸಲ ಗರ್ಭ ಧರಿಸಿದ್ದರು, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತದ ಸಕ್ಕರೆ, ಕೆಳಗಿನ ರಕ್ತದೊತ್ತಡ (ಡಯಾಸ್ಟಾಲಿಕ್), ತೋಳಿನ ಹಿಂಭಾಗದ ಚರ್ಮದ ಮಡಿಕೆಯ ದಪ್ಪ, ಇನ್ಸುಲಿನ್, ಬಿಎಂಐ, ಕುಟುಂಬದಲ್ಲಿ ಮಧುಮೇಹದ ಇತಿಹಾಸವನ್ನು ಹೇಳುವ ಒಂದು ಅಂಕ, ವಯಸ್ಸು, ಕೊನೆಗೆ ಫಲಿತಾಂಶ. ಐದು ವರ್ಷದೊಳಗೆ ಮಧುಮೇಹ ಕಂಡುಬಂದರೆ ಫಲಿತಾಂಶ 1, ಇಲ್ಲವಾದರೆ 0. 268 ಜನರಿಗೆ 1, 500 ಜನರಿಗೆ 0.

ಸೊನ್ನೆ ಎಲ್ಲ ಕಡೆಯೂ ಸುಳ್ಳಲ್ಲ

ಇಲ್ಲಿ ಮೊದಲ ಎಚ್ಚರ. ‘ಸೊನ್ನೆ ಇರುವಲ್ಲೆಲ್ಲ ಖಾಲಿ ಮಾಡು’ ಎಂದು ಇಡೀ ಪಟ್ಟಿಗೆ ಒಂದೇ ಆಜ್ಞೆ ಕೊಟ್ಟರೆ ಪಟ್ಟಿ ಹಾಳಾಗುತ್ತದೆ. ಗರ್ಭಧಾರಣೆಯ ಕಾಲಮ್‌ನಲ್ಲಿ 111 ಸೊನ್ನೆಗಳಿವೆ. ಅವು ನಿಜವಾದ ಸೊನ್ನೆಗಳು, ಗರ್ಭ ಧರಿಸದ ಮಹಿಳೆಯರು. ಫಲಿತಾಂಶದ ಕಾಲಮ್‌ನ 500 ಸೊನ್ನೆಗಳೂ ನಿಜವೇ. ಸುಳ್ಳು ಸೊನ್ನೆಗಳಿರುವುದು ಐದು ಕಾಲಮ್‌ಗಳಲ್ಲಿ ಮಾತ್ರ: ಸಕ್ಕರೆಯಲ್ಲಿ 5, ರಕ್ತದೊತ್ತಡದಲ್ಲಿ 35, ಚರ್ಮದ ದಪ್ಪದಲ್ಲಿ 227, ಇನ್ಸುಲಿನ್‌ನಲ್ಲಿ 374, ಬಿಎಂಐಯಲ್ಲಿ 11. ಇನ್ಸುಲಿನ್ ಸೊನ್ನೆ ಇರಲು ಸಾಧ್ಯವಿಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಪಟ್ಟಿಯಲ್ಲಿ ಸೊನ್ನೆ ಬಿಟ್ಟರೆ ಅತಿ ಕಡಿಮೆ ಇನ್ಸುಲಿನ್ 14. ಅದರ ಕೆಳಗೆ ಯಾರೂ ಇಲ್ಲ, ಆಮೇಲೆ ಒಮ್ಮೆಲೇ 374 ಜನ ಸೊನ್ನೆಯಲ್ಲಿ! ದೇಹ ಹಾಗೆ ನಡೆದುಕೊಳ್ಳುವುದಿಲ್ಲ.

ಸೊನ್ನೆಗಳನ್ನು ಹಾಗೆಯೇ ಬಿಟ್ಟರೆ ಎಷ್ಟು ವ್ಯತ್ಯಾಸ? ಸೊನ್ನೆ ಸೇರಿಸಿದರೆ ಇನ್ಸುಲಿನ್ ಸರಾಸರಿ ಸುಮಾರು 80, ತೆಗೆದರೆ ಸುಮಾರು 156. ಹತ್ತಿರ ಹತ್ತಿರ ಎರಡು ಪಟ್ಟು. ಚರ್ಮದ ದಪ್ಪದ ಸರಾಸರಿ 20.5 ಮಿಲಿಮೀಟರ್‌ನಿಂದ 29ಕ್ಕೆ ಏರುತ್ತದೆ. ರಕ್ತದೊತ್ತಡದಲ್ಲಿ 69ರಿಂದ 72ಕ್ಕೆ. ಕೊನೆಯದು ನೋಡಲು ಅಷ್ಟೇನೂ ದೊಡ್ಡದಲ್ಲ. ಆದ್ದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದೇ ಸಾಲಿನಲ್ಲಿ ಐದು ಕಾಲಮ್

‘ಆರ್’ ಭಾಷೆಯನ್ನು ರೂಪಿಸಿದವರು ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, 1990ರ ದಶಕದಲ್ಲಿ. ಅದು ಉಚಿತ. ಅದಕ್ಕೆ ಜೋಡಿಸಿಕೊಳ್ಳಬಹುದಾದ ಸಾವಿರಾರು ಪ್ಯಾಕೇಜ್‌ಗಳಲ್ಲಿ ‘ಡೇಟಾ.ಟೇಬಲ್’ ಒಂದು. ಮ್ಯಾಟ್ ಡೌಲ್ ಆರಂಭಿಸಿದ ಈ ಪ್ಯಾಕೇಜ್ 2006ರಿಂದ ಲಭ್ಯವಿದೆ. ಲಕ್ಷಗಟ್ಟಲೆ ಸಾಲುಗಳಿರುವ ಪಟ್ಟಿಗಳನ್ನು ಬೇಗನೆ ನಿಭಾಯಿಸುವುದಕ್ಕೆ ಇದಕ್ಕೆ ಹೆಸರಿದೆ.

ಇದರ ವ್ಯಾಕರಣ ಸರಳ. ಪಟ್ಟಿಯ ಹೆಸರು ಬರೆದು ಚೌಕ ಆವರಣ ಹಾಕಿದರೆ, ಅದರೊಳಗೆ ಅಲ್ಪವಿರಾಮದಿಂದ ಬೇರೆಯಾದ ಮೂರು ಮನೆಗಳು.

ಪಟ್ಟಿ[ಯಾವ ಸಾಲುಗಳು, ಏನು ಮಾಡಬೇಕು, ಯಾವ ಗುಂಪಿನ ಪ್ರಕಾರ]

ಮೊದಲ ಮನೆ ಖಾಲಿ ಬಿಟ್ಟರೆ ಎಲ್ಲ ಸಾಲುಗಳು ಎಂದರ್ಥ. ಎರಡನೇ ಮನೆಯಲ್ಲಿ := ಎಂಬ ಗುರುತು ಬಂದರೆ ‘ಇದ್ದ ಕಾಲಮ್‌ನಲ್ಲೇ ಹೊಸ ಬೆಲೆ ತುಂಬು’ ಎಂದರ್ಥ. ಹಲವು ಕಾಲಮ್‌ಗಳನ್ನು ಬದಲಿಸಬೇಕಾದರೆ ಮೊದಲು ಆ ಕಾಲಮ್‌ಗಳ ಹೆಸರುಗಳನ್ನು ಒಂದು ಕಡೆ ಕಟ್ಟಿಡಬೇಕು. ಅದಕ್ಕೆ ‘ಐದು’ ಎಂದು ಹೆಸರಿಡೋಣ. ಕೀಲಿಮಣೆಯಲ್ಲಿ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಓದಿಗೆ ಅನುಕೂಲವಾಗಲೆಂದು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇವೆ:

ಪಟ್ಟಿ[, (ಐದು) := ಎಲ್‌ಅಪ್ಲೈ(.ಎಸ್‌ಡಿ, ಫಂಕ್ಷನ್(ಎಕ್ಸ್) ರಿಪ್ಲೇಸ್(ಎಕ್ಸ್, ಎಕ್ಸ್ == 0, ಎನ್‌ಎ)), .ಎಸ್‌ಡಿಕಾಲ್ಸ್ = ಐದು]

ಬಿಡಿಸಿ ಓದಿದರೆ ಹೀಗೆ. ‘.ಎಸ್‌ಡಿ’ ಎಂದರೆ ನಾವು ಆರಿಸಿಕೊಂಡ ಕಾಲಮ್‌ಗಳ ಕಂತೆ. ಕಂತೆಯಲ್ಲಿ ಯಾವ ಯಾವ ಕಾಲಮ್ ಇರಬೇಕೆಂದು ಹೇಳುವುದು ಕೊನೆಯ ‘.ಎಸ್‌ಡಿಕಾಲ್ಸ್’. ‘ಎಲ್‌ಅಪ್ಲೈ’ ಕಂತೆಯ ಒಂದೊಂದೇ ಕಾಲಮ್ ಎತ್ತಿಕೊಂಡು ಅದೇ ಕೆಲಸ ಮಾಡುತ್ತಾ ಹೋಗುತ್ತದೆ. ಕೆಲಸ ಏನೆಂದರೆ, ಸೊನ್ನೆ ಇದ್ದ ಕಡೆ ‘ಎನ್‌ಎ’ ಇಡುವುದು. ಎನ್‌ಎ ಎಂದರೆ ಆರ್ ಭಾಷೆಯಲ್ಲಿ ‘ಗೊತ್ತಿಲ್ಲ’. (ಐದು) ಎಂಬುದರ ಸುತ್ತ ಇರುವ ಆವರಣ ಮುಖ್ಯ. ಅದನ್ನು ಬಿಟ್ಟರೆ ‘ಐದು’ ಎಂಬ ಹೆಸರಿನ ಹೊಸ ಕಾಲಮ್ ಒಂದನ್ನೇ ಮಾಡಲು ಕಂಪ್ಯೂಟರ್ ಹೊರಡುತ್ತದೆ. ಇಲ್ಲಿ ಎಡವದ ಹೊಸಬರು ಕಡಿಮೆ.

‘ಗೊತ್ತಿಲ್ಲ’ ಎಂಬುದು ಸೊನ್ನೆಗಿಂತ ಪ್ರಾಮಾಣಿಕ. ಎನ್‌ಎ ಇರುವ ಕಾಲಮ್‌ನ ಸರಾಸರಿ ಕೇಳಿದರೆ ಆರ್ ನೇರವಾಗಿ ‘ಗೊತ್ತಿಲ್ಲ’ ಎಂದೇ ಹೇಳುತ್ತದೆ. ಗೊತ್ತಿರುವವರದ್ದಷ್ಟೇ ಲೆಕ್ಕ ಹಾಕು ಎಂದು ನಾವಾಗಿ ಹೇಳಬೇಕು. ಕಿರಿಕಿರಿ ಅನ್ನಿಸಬಹುದು, ಆದರೆ ನಮ್ಮ ಗಮನಕ್ಕೆ ಬಾರದೆ ಸುಳ್ಳು ಸರಾಸರಿ ಹೊರಬರುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಕಾಲಮ್ ಹೇಳಿದಂತೆ

ಮೇಲಿನದರಲ್ಲಿ ಕಾಲಮ್ ತನ್ನ ಬೆಲೆ ನೋಡಿಕೊಂಡೇ ಬದಲಾಯಿತು. ಇನ್ನು ಬೇರೆ ಕಾಲಮ್ ನೋಡಿ ಬದಲಿಸುವ ಸಂದರ್ಭ. ನಮ್ಮ ಊರುಗಳ ಲ್ಯಾಬ್ ವರದಿಯಲ್ಲಿ ರಕ್ತದ ಸಕ್ಕರೆ ಇರುವುದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು. ಬ್ರಿಟನ್‌ನಲ್ಲಿ ಅದೇ ಸಕ್ಕರೆಯನ್ನು ಲೀಟರ್‌ಗೆ ಇಷ್ಟು ಮಿಲಿಮೋಲ್ ಎಂದು ಕೊಡುತ್ತಾರೆ. ಧಾರವಾಡದಲ್ಲಿರುವ ಅಪ್ಪ ಅಮ್ಮ, ಲಂಡನ್‌ನಲ್ಲಿರುವ ಮಗಳು, ಎಲ್ಲರ ವರದಿಗಳನ್ನೂ ಒಂದೇ ಪಟ್ಟಿಯಲ್ಲಿ ಇಡುವ ಕುಟುಂಬಗಳಿವೆ. ಮಗಳ ಸಾಲಿನಲ್ಲಿ 7 ಎಂದು ಕಂಡರೆ ‘ಅಯ್ಯೋ, ಸಕ್ಕರೆ ಇಷ್ಟು ಕಡಿಮೆಯೇ’ ಎಂದು ಗಾಬರಿಯಾಗಬಹುದು. ವಾಸ್ತವದಲ್ಲಿ 7 ಮಿಲಿಮೋಲ್ ಎಂದರೆ ನಮ್ಮ ಲೆಕ್ಕದ 126. ಖಾಲಿ ಹೊಟ್ಟೆಯಲ್ಲಿ ಅಷ್ಟಿದ್ದರೆ ಅದು ಮಧುಮೇಹದ ಗಡಿ.

ಪಟ್ಟಿಯಲ್ಲಿ ‘ಮಾನ’ ಎಂಬ ಕಾಲಮ್ ಇದ್ದು, ಖಾಲಿ ಹೊಟ್ಟೆ, ಊಟದ ಬಳಿಕ, ಯಾವಾಗಲಾದರೂ ತೆಗೆದದ್ದು ಎಂಬ ಮೂರು ಸಕ್ಕರೆ ಕಾಲಮ್‌ಗಳಿದ್ದರೆ, ಆ ಮೂರರ ಹೆಸರನ್ನು ‘ಸಕ್ಕರೆ’ ಎಂದು ಕಟ್ಟಿಟ್ಟು ಹೀಗೆ ಬರೆಯಬಹುದು:

ಪಟ್ಟಿ[ಮಾನ == "ಮಿಲಿಮೋಲ್", (ಸಕ್ಕರೆ) := ಎಲ್‌ಅಪ್ಲೈ(.ಎಸ್‌ಡಿ, ಫಂಕ್ಷನ್(ಎಕ್ಸ್) ಎಕ್ಸ್ * 18), .ಎಸ್‌ಡಿಕಾಲ್ಸ್ = ಸಕ್ಕರೆ]

ಮೊದಲ ಮನೆಯಲ್ಲಿ ಷರತ್ತು ಬಂತು. ಮಾನ ಮಿಲಿಮೋಲ್ ಇರುವ ಸಾಲುಗಳಲ್ಲಿ ಮಾತ್ರ ಮೂರೂ ಕಾಲಮ್‌ಗಳು 18ರಿಂದ ಗುಣವಾಗುತ್ತವೆ. ಉಳಿದ ಸಾಲುಗಳು ಮೊದಲಿನಂತೆಯೇ ಇರುತ್ತವೆ. ಇದು ಇನ್ನೊಂದು ಕಾಲಮ್‌ನ ಸರಿಯಾದ ಬಳಕೆ. ಏಕೆಂದರೆ ಮಾನದ ಕಾಲಮ್ ಈ ಸಂಖ್ಯೆಗಳ ಅರ್ಥವನ್ನೇ ಹೇಳುತ್ತದೆ.

ಹಾಗೆಂದು ‘ಸಕ್ಕರೆ’ ಕಂತೆಯೊಳಗೆ ಕೊಲೆಸ್ಟ್ರಾಲ್ ಸೇರಿಸಬೇಡಿ. ಅದಕ್ಕೆ ಗುಣಿಸಬೇಕಾದದ್ದು 38.67ರಿಂದ, ಟ್ರೈಗ್ಲಿಸರೈಡ್‌ಗೆ 88.57ರಿಂದ. ಒಂದೊಂದು ವಸ್ತುವಿನ ಅಣುತೂಕ ಬೇರೆ, ಹಾಗಾಗಿ ಗುಣಕವೂ ಬೇರೆ. ಹಲವು ಕಾಲಮ್‌ಗಳನ್ನು ಒಂದೇ ಏಟಿಗೆ ಬದಲಿಸುವ ಅನುಕೂಲ ಇಂಥ ಕಡೆಯೇ ಕೈಕೊಡುವುದು.

ಕೆಲವೊಮ್ಮೆ ಇನ್ನೊಂದು ಕಾಲಮ್‌ನ ಬೆಲೆಯನ್ನೇ ತಂದು ಇಡುವುದೂ ಉಂಟು. ತೂಕ ಇಳಿಸುವ ಔಷಧದ ಪ್ರಯೋಗವೊಂದನ್ನು ಊಹಿಸಿಕೊಳ್ಳಿ. ಆರಂಭದ ತೂಕ ಒಂದು ಕಾಲಮ್, ಆಮೇಲಿನ ಭೇಟಿಗಳ ತೂಕ ಆರು ಕಾಲಮ್. ನಡುವೆ ಬರುವುದನ್ನು ಬಿಟ್ಟವರ ಕೋಶಗಳು ಎನ್‌ಎ. ‘ಎಫ್‌ಕೋಅಲೆಸ್’ ಎಂಬ ಆಜ್ಞೆ ಎನ್‌ಎ ಇದ್ದಲ್ಲಿ ಮಾತ್ರ ಆರಂಭದ ತೂಕವನ್ನು ತಂದಿಡುತ್ತದೆ. ಕೆಲಸ ಚೊಕ್ಕಟ. ಆದರೆ ಇದರ ಅರ್ಥವೇನು? ಪ್ರಯೋಗ ಬಿಟ್ಟುಹೋದವರ ತೂಕ ಒಂದು ಗ್ರಾಂ ಕೂಡ ಬದಲಾಗಲಿಲ್ಲ ಎಂದು ನಾವೇ ತೀರ್ಮಾನಿಸಿದಂತೆ. ಕೊನೆಯ ಭೇಟಿಯ ಅಳತೆಯನ್ನು ಮುಂದಕ್ಕೆ ಎಳೆಯುವ ಇಂಥದ್ದೇ ಪದ್ಧತಿ ಔಷಧ ಪ್ರಯೋಗಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2010ರ ವರದಿಯಲ್ಲಿ, ವೈಜ್ಞಾನಿಕ ಸಮರ್ಥನೆ ಇಲ್ಲದೆ ಇದನ್ನು ಮುಖ್ಯ ವಿಧಾನವಾಗಿ ಬಳಸಬಾರದೆಂದು ಹೇಳಿತು.

ಶೇ. 90ರ ಗುಟ್ಟು

ಈಗ ಪೀಮಾ ಪಟ್ಟಿಗೆ ಮರಳೋಣ. ಐದು ಕಾಲಮ್‌ಗಳಲ್ಲಿ ಎನ್‌ಎ ಇದೆ. ಅನೇಕ ಯಂತ್ರಕಲಿಕೆ ವಿಧಾನಗಳು ಎನ್‌ಎ ಕಂಡರೆ ಮುಂದೆ ಹೋಗುವುದಿಲ್ಲ, ಏನಾದರೂ ತುಂಬಬೇಕು. ಸುಲಭದ ದಾರಿ ಮಧ್ಯಾಂಕ ತುಂಬುವುದು. ಗೊತ್ತಿರುವ 394 ಜನರ ಇನ್ಸುಲಿನ್‌ನ ಮಧ್ಯಾಂಕ 125. ಎಲ್ಲ 374 ಖಾಲಿ ಕೋಶಗಳಿಗೂ 125 ತುಂಬಿದರೆ ಒರಟು ಕೆಲಸ ಎನ್ನಬಹುದು, ಮೋಸ ಎನ್ನಲಾಗದು.

ಆದರೆ ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮಾದರಿ ಪಾಠಗಳು ಇನ್ನೊಂದು ಹೆಜ್ಜೆ ಹೋಗುತ್ತವೆ. ‘ಮಧುಮೇಹ ಇರುವವರ ಇನ್ಸುಲಿನ್ ಬೇರೆ, ಇಲ್ಲದವರದ್ದು ಬೇರೆ. ಆದ್ದರಿಂದ ಆಯಾ ಗುಂಪಿನ ಮಧ್ಯಾಂಕವನ್ನೇ ತುಂಬೋಣ’ ಎನ್ನುತ್ತವೆ. ಕೇಳಲು ಎಷ್ಟು ಸರಿಯಾಗಿದೆ! ಡೇಟಾ.ಟೇಬಲ್‌ನಲ್ಲಿ ಮೂರನೇ ಮನೆಯಲ್ಲಿ ‘ಬೈ = ಫಲಿತಾಂಶ’ ಎಂದು ಬರೆದರೆ ಮುಗಿಯಿತು. ಐದೂ ಕಾಲಮ್‌ಗಳು ಫಲಿತಾಂಶದ ಕಾಲಮ್ ನೋಡಿಕೊಂಡು ತುಂಬಿಕೊಳ್ಳುತ್ತವೆ.

ಏನಾಯಿತು ನೋಡಿ. ಫಲಿತಾಂಶ 0 ಇರುವವರಲ್ಲಿ 264 ಜನರ ಇನ್ಸುಲಿನ್ ಗೊತ್ತು, ಅದರ ಮಧ್ಯಾಂಕ 102.5. ಫಲಿತಾಂಶ 1 ಇರುವವರಲ್ಲಿ 130 ಜನರದ್ದು ಗೊತ್ತು, ಮಧ್ಯಾಂಕ 169.5. ಎರಡೂ ಗುಂಪಿನಲ್ಲಿ ಸಮಸಂಖ್ಯೆಯ ಜನ ಇರುವುದರಿಂದ ನಡುವಿನ ಎರಡು ಬೆಲೆಗಳ ಸರಾಸರಿ ಬಂತು, ಹಾಗಾಗಿ ಕೊನೆಯಲ್ಲಿ ಅರ್ಧ. ಪಟ್ಟಿಯಲ್ಲಿ ನಿಜವಾಗಿ ಅಳೆದ ಇನ್ಸುಲಿನ್ ಬೆಲೆಗಳೆಲ್ಲ ಪೂರ್ಣಾಂಕಗಳು. ಅಂದರೆ 102.5 ಎಂಬ ಇನ್ಸುಲಿನ್ ಯಾರಿಗೂ ಇರಲಿಲ್ಲ, 169.5 ಕೂಡ ಇರಲಿಲ್ಲ. ತುಂಬಿದ ಮೇಲೆ 236 ಜನರಿಗೆ ಕರಾರುವಾಕ್ಕಾಗಿ 102.5, 138 ಜನರಿಗೆ ಕರಾರುವಾಕ್ಕಾಗಿ 169.5.

ಈಗ ಯಂತ್ರಕ್ಕೆ ವೈದ್ಯಶಾಸ್ತ್ರ ಬೇಕಿಲ್ಲ. ಇನ್ಸುಲಿನ್ 102.5 ಕಂಡರೆ ‘ಮಧುಮೇಹ ಇಲ್ಲ’, 169.5 ಕಂಡರೆ ‘ಇದೆ’ ಎಂದರೆ ಸಾಕು. 374 ಜನರ ವಿಷಯದಲ್ಲಿ ಒಂದೂ ತಪ್ಪುವುದಿಲ್ಲ! ಉಳಿದ 394 ಜನರಿಗೆ ಕಣ್ಣು ಮುಚ್ಚಿ ‘ಇಲ್ಲ’ ಎಂದುಬಿಟ್ಟರೂ 264 ಸರಿ. ಒಟ್ಟು 768ರಲ್ಲಿ 638 ಸರಿ, ಅಂದರೆ ಶೇ. 83. ರಕ್ತದ ಸಕ್ಕರೆಯನ್ನಾಗಲಿ ವಯಸ್ಸನ್ನಾಗಲಿ ತೂಕವನ್ನಾಗಲಿ ನೋಡದೆಯೇ! ಇದರ ಮೇಲೆ ಸಕ್ಕರೆಯ ಕಾಲಮ್ ಸ್ವಲ್ಪ ನೆರವಾದರೆ, ಚರ್ಮದ ದಪ್ಪದ 27 ಮತ್ತು 32 ಎಂಬ ತುಂಬಿದ ಬೆಲೆಗಳೂ ಕೈಜೋಡಿಸಿದರೆ, ಶೇ. 90ರ ಹತ್ತಿರ ಹೋಗುವುದು ದೊಡ್ಡ ಮಾತಲ್ಲ. 1988ರ ಆ ಶೇ. 76 ನೆನಪಿದೆಯಲ್ಲ? ಪ್ರಾಮಾಣಿಕವಾಗಿ ತುಂಬಿದ ಪಟ್ಟಿಯಲ್ಲಿ ಇಂದಿನ ವಿಧಾನಗಳೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ನಿಲ್ಲುತ್ತವೆ.

ಇದಕ್ಕೆ ದತ್ತಾಂಶ ಸೋರಿಕೆ ಎಂದು ಹೆಸರು. ಪ್ರಶ್ನೆಪತ್ರಿಕೆ ಸೋರಿಕೆ ಎಂದರೆ ಏನೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲಿ ಸೋರಿದ್ದು ಪ್ರಶ್ನೆಯಲ್ಲ, ಉತ್ತರವೇ. ಊಹಿಸಬೇಕಾದ ಕಾಲಮ್‌ನಿಂದ ಉತ್ತರ ಹೊರಟು, ಇನ್ಸುಲಿನ್ ಎಂಬ ವೇಷ ಹಾಕಿಕೊಂಡು, ಸುಳಿವುಗಳ ಸಾಲಿನಲ್ಲಿ ಬಂದು ಕೂತಿತು. ಪರೀಕ್ಷೆಗೆಂದು ಬೇರೆ ತೆಗೆದಿಟ್ಟ ಸಾಲುಗಳನ್ನೂ ಹೀಗೆಯೇ ತುಂಬಿದ್ದರೆ ಪರೀಕ್ಷೆಯಲ್ಲೂ ಇದು ಬಯಲಾಗುವುದಿಲ್ಲ.

ಬಯಲಾಗುವುದು ಆಸ್ಪತ್ರೆಯಲ್ಲಿ. ನಾಳೆ ಒಬ್ಬರು ಬಂದು ಕೂರುತ್ತಾರೆ, ಅವರ ಇನ್ಸುಲಿನ್ ಪರೀಕ್ಷೆ ಆಗಿಲ್ಲ. 102.5 ತುಂಬಬೇಕೇ, 169.5 ತುಂಬಬೇಕೇ? ಅದು ಗೊತ್ತಾಗಲು ಅವರಿಗೆ ಐದು ವರ್ಷದಲ್ಲಿ ಮಧುಮೇಹ ಬರುತ್ತದೋ ಇಲ್ಲವೋ ಮೊದಲೇ ಗೊತ್ತಿರಬೇಕು. ಅದು ಗೊತ್ತಿದ್ದರೆ ಈ ಯಂತ್ರವೇ ಏಕೆ? ಯಾವ ಕಾಲಮ್ ನೋಡಿ ತುಂಬಬಹುದು ಎಂಬುದಕ್ಕೆ ಇದೇ ಸರಿಯಾದ ಒರೆಗಲ್ಲು. ಭವಿಷ್ಯ ಹೇಳಬೇಕಾದ ಹೊತ್ತಿನಲ್ಲಿ ಆ ಕಾಲಮ್ ನಮ್ಮ ಕೈಯಲ್ಲಿ ಇರುತ್ತದೆಯೇ? ವಯಸ್ಸು ಇರುತ್ತದೆ, ಬಿಎಂಐ ಇರುತ್ತದೆ, ಲ್ಯಾಬ್‌ನ ಮಾನ ಇರುತ್ತದೆ. ಫಲಿತಾಂಶ ಇರುವುದಿಲ್ಲ.

ಒಂದು ವಿನಾಯಿತಿಯನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಭವಿಷ್ಯ ಹೇಳುವ ಉದ್ದೇಶವಿಲ್ಲದೆ, ಇನ್ಸುಲಿನ್‌ಗೂ ಮಧುಮೇಹಕ್ಕೂ ಇರುವ ಸಂಬಂಧ ಎಷ್ಟು ಎಂದು ತಿಳಿಯಲಷ್ಟೇ ಲೆಕ್ಕ ಹಾಕುವಾಗ, ಸಂಖ್ಯಾಶಾಸ್ತ್ರಜ್ಞರು ಫಲಿತಾಂಶದ ಕಾಲಮ್ಮನ್ನೂ ತುಂಬುವ ಲೆಕ್ಕದಲ್ಲಿ ಸೇರಿಸುತ್ತಾರೆ. ಆದರೆ ಅವರು ಒಂದೇ ಬೆಲೆಯನ್ನು ಎಲ್ಲರಿಗೂ ಒತ್ತುವುದಿಲ್ಲ. ಖಾಲಿ ಕೋಶಗಳನ್ನು ಹಲವು ಬಾರಿ ಬೇರೆಬೇರೆ ಸಂಭವನೀಯ ಬೆಲೆಗಳಿಂದ ತುಂಬಿ, ಪ್ರತಿ ಸಲದ ಉತ್ತರವನ್ನೂ ಒಟ್ಟುಗೂಡಿಸಿ, ಅನಿಶ್ಚಿತತೆ ಎಷ್ಟೆಂದೂ ಹೇಳುತ್ತಾರೆ. ಆರ್‌ನಲ್ಲಿ ಇದಕ್ಕೆ ‘ಮೈಸ್’ ಎಂಬ ಪ್ಯಾಕೇಜ್ ಇದೆ.

ಹಾಗಾದರೆ ಹೇಗೆ ತುಂಬುವುದು?

ಮೊದಲು ಪಟ್ಟಿಯನ್ನು ಕಲಿಕೆಯ ಭಾಗ, ಪರೀಕ್ಷೆಯ ಭಾಗ ಎಂದು ಎರಡಾಗಿ ಒಡೆಯಬೇಕು. ತುಂಬುವ ಕೆಲಸ ಅದರ ನಂತರ. ಮಧ್ಯಾಂಕವನ್ನು ಕಲಿಕೆಯ ಭಾಗದಿಂದ ಮಾತ್ರ ಲೆಕ್ಕ ಹಾಕಿ, ಅದನ್ನೇ ಪರೀಕ್ಷೆಯ ಭಾಗಕ್ಕೂ ತುಂಬಬೇಕು. ಗುಂಪಿನ ಪ್ರಕಾರ ತುಂಬಲೇಬೇಕೆಂದಿದ್ದರೆ ‘ಬೈ = ವಯೋಗುಂಪು’ ಎಂದು ಬರೆಯಿರಿ. ಆಜ್ಞೆಯಲ್ಲಿ ಬದಲಾಗುವುದು ಒಂದೇ ಪದ. ಜೊತೆಗೆ, ಯಾವ ಕೋಶ ತುಂಬಿದ್ದು ಯಾವುದು ಅಳೆದದ್ದು ಎಂದು ಹೇಳುವ ಇನ್ನೊಂದು ಕಾಲಮ್ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಇನ್ಸುಲಿನ್ ಕಾಲಮ್‌ನಲ್ಲಿ ಅರ್ಧಕ್ಕರ್ಧ ಖಾಲಿ ಇರುವಾಗ ಅದನ್ನು ಬಿಟ್ಟುಬಿಡುವುದೂ ಒಂದು ಮರ್ಯಾದೆಯ ಆಯ್ಕೆ. ಆರ್ ಜೊತೆಗೇ ಬರುವ ‘ಮಾಸ್’ ಪ್ಯಾಕೇಜ್‌ನಲ್ಲಿ ಇದೇ ಪಟ್ಟಿಯ ಒಂದು ರೂಪವಿದೆ. ಅದನ್ನು ಸಿದ್ಧಪಡಿಸಿದವರು ಇನ್ಸುಲಿನ್ ಕಾಲಮ್ ಕೈಬಿಟ್ಟು, ಉಳಿದೆಲ್ಲ ವಿವರ ಪೂರ್ತಿ ಇರುವ 532 ಸಾಲುಗಳನ್ನು ಇಟ್ಟುಕೊಂಡಿದ್ದಾರೆ. 200 ಕಲಿಕೆಗೆ, 332 ಪರೀಕ್ಷೆಗೆ.

ಆಜ್ಞೆ ಕೊಡುವಾಗಿನ ಕೆಲವು ಗುಂಡಿಗಳು

:= ಗುರುತಿನ ಬಗ್ಗೆ ಒಂದು ಮುಖ್ಯ ಸಂಗತಿ ಬಾಕಿಯಿದೆ. ಅದು ಪಟ್ಟಿಯ ಪ್ರತಿ ಮಾಡಿಕೊಳ್ಳುವುದಿಲ್ಲ, ಇದ್ದ ಪಟ್ಟಿಯನ್ನೇ ತಿದ್ದುತ್ತದೆ. ಡೇಟಾ.ಟೇಬಲ್‌ನ ವೇಗಕ್ಕೆ ಇದೂ ಒಂದು ಕಾರಣ. ‘ಹೊಸಪಟ್ಟಿ <- ಪಟ್ಟಿ’ ಎಂದು ಬರೆದು, ಹೊಸಪಟ್ಟಿಯನ್ನು ಮಾತ್ರ ತಿದ್ದುತ್ತಿದ್ದೇವೆ ಎಂದುಕೊಂಡರೆ ಹಳೆಯದೂ ಜೊತೆಗೇ ತಿದ್ದಿಹೋಗಿರುತ್ತದೆ. ಅವು ಎರಡು ಪಟ್ಟಿಗಳಲ್ಲ, ಒಂದೇ ಪಟ್ಟಿಗೆ ಎರಡು ಹೆಸರು. ನಿಜವಾದ ಪ್ರತಿ ಬೇಕಾದರೆ ‘ಕಾಪಿ’ ಎಂಬ ಆಜ್ಞೆಯನ್ನು ಕೇಳಿ ಪಡೆಯಬೇಕು.

ಇದರಿಂದಲೇ ಹುಟ್ಟುವ ಇನ್ನೊಂದು ತೊಂದರೆ, ಒಂದೇ ಸಾಲನ್ನು ಎರಡು ಸಲ ರನ್ ಮಾಡುವುದು. ಸೊನ್ನೆಯನ್ನು ಎನ್‌ಎ ಮಾಡುವ ಆಜ್ಞೆಯನ್ನು ಹತ್ತು ಸಲ ಕೊಟ್ಟರೂ ನಷ್ಟವಿಲ್ಲ. ಆದರೆ 18ರಿಂದ ಗುಣಿಸುವ ಆಜ್ಞೆಯನ್ನು ಎರಡು ಸಲ ಕೊಟ್ಟರೆ ಲಂಡನ್ ಮಗಳ 7 ಮೊದಲು 126 ಆಗುತ್ತದೆ, ಆಮೇಲೆ 2268. ಇದನ್ನು ತಡೆಯಲು ಗುಣಿಸಿದ ಕೂಡಲೇ ಮಾನದ ಕಾಲಮ್ಮನ್ನೂ ‘ಮಿಲಿಗ್ರಾಂ’ ಎಂದು ಬದಲಿಸಬೇಕು. ಆಗ ಎರಡನೇ ಸಲ ಷರತ್ತಿಗೆ ಯಾವ ಸಾಲೂ ಸಿಗುವುದಿಲ್ಲ. ಕ್ರಮ ತಪ್ಪಿ ಮಾನವನ್ನು ಮೊದಲು ಬದಲಿಸಿದರೋ, ಗುಣಿಸಬೇಕಾದ ಸಾಲುಗಳೇ ಕಾಣೆ! ಎರಡನ್ನೂ ಒಂದೇ := ಆಜ್ಞೆಯೊಳಗೆ ಬರೆದರೆ ಈ ಚಿಂತೆ ಇಲ್ಲ. ಬಲಗಡೆಯ ಲೆಕ್ಕವೆಲ್ಲ ಹಳೆಯ ಬೆಲೆಗಳ ಮೇಲೆ ಮುಗಿದ ನಂತರವೇ ಕಾಲಮ್‌ಗಳು ಬದಲಾಗುತ್ತವೆ.

ಪೂರ್ಣಾಂಕದ ಕಾಲಮ್‌ಗಳೂ ಒಂದು ತೊಡಕು. ಕಡತದಿಂದ ನೇರವಾಗಿ ಓದಿದಾಗ ಇನ್ಸುಲಿನ್ ಕಾಲಮ್ಮನ್ನು ಆರ್ ಪೂರ್ಣಾಂಕ ಎಂದು ಗುರುತಿಸುತ್ತದೆ. ಅದರ ಕೆಲವು ಸಾಲುಗಳಿಗೆ 102.5 ತುಂಬಲು ಹೋದರೆ ಅರ್ಧ ಕತ್ತರಿಸಿ 102 ಎಂದು ಇಡುತ್ತದೆ. ಒಂದು ಎಚ್ಚರಿಕೆ ಸಂದೇಶವನ್ನೇನೋ ಕೊಡುತ್ತದೆ, ಆದರೆ ಕೆಂಪು ಅಕ್ಷರದ ಸಂದೇಶಗಳನ್ನು ಓದುವ ಅಭ್ಯಾಸ ಎಷ್ಟು ಜನರಿಗಿದೆ? ತುಂಬುವ ಮೊದಲೇ ಕಾಲಮ್‌ಗಳನ್ನು ದಶಮಾಂಶದ ಬಗೆಗೆ ಬದಲಿಸಿಕೊಳ್ಳುವುದು ಸುಲಭದ ಪರಿಹಾರ.

ಹೋಲಿಕೆಯಲ್ಲೂ ಎನ್‌ಎ ಚಮತ್ಕಾರ ಮಾಡುತ್ತದೆ. ‘ಗೊತ್ತಿಲ್ಲದ್ದು ಸೊನ್ನೆಗೆ ಸಮವೇ’ ಎಂದು ಕೇಳಿದರೆ ಆರ್ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ‘ಗೊತ್ತಿಲ್ಲ’ ಎನ್ನುತ್ತದೆ. ತರ್ಕವಾಗಿ ನೋಡಿದರೆ ಅದೇ ಸರಿ. ಡೇಟಾ.ಟೇಬಲ್ ತನ್ನ ಮೊದಲ ಮನೆಯಲ್ಲಿ ಇಂಥ ಸಾಲುಗಳನ್ನು ‘ಇಲ್ಲ’ ಎಂದು ಎಣಿಸಿ ಬಿಟ್ಟುಬಿಡುತ್ತದೆ. ಹಾಗಾಗಿ ಮಾನದ ಕಾಲಮ್ ಖಾಲಿ ಇರುವವರ ಸಕ್ಕರೆ ಬದಲಾಗದೆ ಹಾಗೇ ಉಳಿಯುತ್ತದೆ. ಅಂಥ ಸಾಲುಗಳು ಎಷ್ಟಿವೆ ಎಂದು ಮೊದಲೇ ಎಣಿಸಿಟ್ಟುಕೊಳ್ಳಿ.

ಎಣಿಕೆಯೇ ಇಲ್ಲಿ ದೊಡ್ಡ ಆಸರೆ. ಪೀಮಾ ಪಟ್ಟಿಯಲ್ಲಿ ಮೊದಲ ಹೆಜ್ಜೆ ಸರಿಯಾಗಿ ಆಗಿದ್ದರೆ ಒಟ್ಟು 652 ಕೋಶಗಳು ಎನ್‌ಎ ಆಗಿರಬೇಕು, ಗರ್ಭಧಾರಣೆಯ ಕಾಲಮ್‌ನಲ್ಲಿ 111 ಸೊನ್ನೆಗಳು ಹಾಗೇ ಉಳಿದಿರಬೇಕು, ಫಲಿತಾಂಶದಲ್ಲಿ 500. ನಿಮ್ಮ ಕೆಲಸವನ್ನು ತಾಳೆ ನೋಡಲು ಇನ್ನೊಂದು ದಾರಿಯೂ ಇದೆ. ಆರ್‌ನ ‘ಎಂಎಲ್‌ಬೆಂಚ್’ ಪ್ಯಾಕೇಜ್‌ನಲ್ಲಿ ಈ ಪಟ್ಟಿಯ ಎರಡು ಪ್ರತಿಗಳಿವೆ. ಒಂದರಲ್ಲಿ ಸೊನ್ನೆಗಳು ಇದ್ದಂತೆಯೇ ಇವೆ. ಹೆಸರಿನ ಕೊನೆಯಲ್ಲಿ 2 ಇರುವ ಇನ್ನೊಂದರಲ್ಲಿ ಈ ಐದು ಕಾಲಮ್‌ಗಳ ಸುಳ್ಳು ಸೊನ್ನೆಗಳನ್ನು ಆಗಲೇ ಎನ್‌ಎ ಮಾಡಿಟ್ಟಿದ್ದಾರೆ. ಮೊದಲನೆಯದನ್ನು ನೀವೇ ತಿದ್ದಿ, ಎರಡನೆಯದರ ಪಕ್ಕ ಇಟ್ಟು ಹೋಲಿಸಿ ನೋಡಬಹುದು.